ಮೈದಾನದಲ್ಲಿ ಅರ್ಧ ನಮ್ಮದು

ಓಡುವ ಗಂಡಸನ್ನು ಕಂಡರೆ ಜನ ದಾರಿ ಬಿಡುತ್ತಾರೆ. ಓಡುವ ಹೆಂಗಸನ್ನು ಕಂಡರೆ ಕಾರಣ ಕೇಳುತ್ತಾರೆ. ನಾನು ಲಂಗ ತೊಡುವ ವಯಸ್ಸಿನಿಂದ ಓಡುತ್ತಿದ್ದೇನೆ, ಕಬಡ್ಡಿ ಆಡಿ ಮೊಣಕಾಲು ತರಚಿಕೊಂಡಿದ್ದೇನೆ. ಈಗ ಮೊಮ್ಮಕ್ಕಳಾದ ಮೇಲೆ ಊರೂರು ತಿರುಗಿ ಹುಡುಗಿಯರಿಗೆ ಆಟ ಕಲಿಸುತ್ತೇನೆ. ಹುಡುಗರಿಗೆ ಸಿಗುವ ಮೈದಾನ ಹುಡುಗಿಯರಿಗೂ ಸಿಗಬೇಕು, ಇದೊಂದೇ ನನ್ನ ಹಟ. ಇಂಥ ಹಟದವಳಿಗೆ ದಿನಾ ಒಂದಿಲ್ಲೊಂದು ಪಂಚಾಯ್ತಿ ಇದ್ದದ್ದೇ.

ಹಾವೇರಿ ರಸ್ತೆ

ಒಂದು ಬೆಳಿಗ್ಗೆ ಹಾವೇರಿಯ ಕರ್ಜಗಿ ರಸ್ತೆಯಲ್ಲಿ ಓಡುತ್ತಿದ್ದೆ. ಬೈಕಿನವನೊಬ್ಬ ಪಕ್ಕಕ್ಕೆ ಬಂದು ನಿಲ್ಲಿಸಿದ.

"ಹತ್ರಿ ಅಕ್ಕಾರ. ಬಸ್ ತಪ್ಪಿತೇನ್ರಿ?"

"ಇಲ್ಲಪ್ಪಾ, ಓಡಾಕತ್ತೇನಿ."

"ಅದು ಕಾಣತೈತ್ರಿ. ಎಲ್ಲಿಗೆ ಅಂತ ಕೇಳಿದೆ."

"ಎಲ್ಲಿಗೂ ಇಲ್ಲ. ಮನೀಂದ ಹೊಂಟು ಮನೀಗೇ ಹೋಗ್ತೇನಿ."

ಅವನು ಗಾಡಿ ಚಾಲೂ ಮಾಡಿದ. "ಹಂಗಿದ್ರ ಮನ್ಯಾಗ ಕುಂತಿದ್ರ ಆಗ್ತಿತ್ತಲ್ರಿ."

ರಾಣೇಬೆನ್ನೂರಿನ ಗೆರೆ

ಮೇಡ್ಲೇರಿ ಕಡೆಯ ಒಂದು ಊರಲ್ಲಿ ಮೈದಾನವೆಲ್ಲ ಹುಡುಗರ ಕ್ರಿಕೆಟ್ಟಿಗೆ. ನಮ್ಮ ಹುಡುಗಿಯರು ಜಾಗ ಕೇಳಿದರೆ ಅವರ ಕ್ಯಾಪ್ಟನ್ ದೊಡ್ಡ ಮನಸ್ಸು ಮಾಡಿದ. "ನಾವು ಊಟಕ್ಕ ಹೋದಾಗ ಆಡ್ರಿ, ಯಾರು ಬ್ಯಾಡಂದಾರ?"

ನನಗೆ ಸಿಟ್ಟು ನೆತ್ತಿಗೇರಿತು. ಸುಣ್ಣದ ಪುಡಿ ತಂದು ನಟ್ಟನಡುವೆ ಗೆರೆ ಎಳೆದೆ. "ಈಕಡೆ ನಿಮ್ಮದು, ಆಕಡೆ ನಮ್ಮದು. ಗೆರಿ ದಾಟಿ ಬಂದ ಚೆಂಡೂ ನಮ್ಮದು."

ನಕ್ಕು ಒಪ್ಪಿದರು. ಸಿಕ್ಸರ್ ಹೊಡೆಯುವುದೇ ಅವರ ಚಟ. ವಾರ ಕಳೆಯುವಷ್ಟರಲ್ಲಿ ಅವರ ಚೆಂಡುಗಳೆಲ್ಲ ನಮ್ಮ ಚೀಲ ಸೇರಿದವು. ಕ್ಯಾಪ್ಟನ್ ಗೆರೆಯಾಚೆ ನಿಂತು ತಲೆ ಕೆರೆದುಕೊಂಡ.

"ಅಕ್ಕಾರ, ನೀವು ಊಟಕ್ಕ ಹೋಗೂವಾಗ ಒಂದು ಚೆಂಡು ಕೊಟ್ಟು ಹೋಗ್ರಿ. ಅಷ್ಟೊತ್ತು ನಾವು ಆಡ್ತೇವಿ."

ಬ್ಯಾಡಗಿಯ ಅಜ್ಜಿ

ನಮ್ಮ ಕಬಡ್ಡಿ ತಂಡದ ಜೀವವೇ ಬ್ಯಾಡಗಿಯ ಒಬ್ಬ ಹುಡುಗಿ. ಹಾವೇರಿಯಲ್ಲಿ ಪಂದ್ಯವಿದ್ದ ದಿನ ಬೆಳಿಗ್ಗೆ ತಂಡದೊಂದಿಗೆ ಅವಳನ್ನು ಕರೆಯಲು ಹೋದರೆ, ಅವಳಜ್ಜಿ ಮೆಣಸಿನಕಾಯಿ ರಾಶಿಯ ಮುಂದೆ ಕೂರಿಸಿದ್ದಳು.

"ತೊಟ್ಟು ಬಿಡಿಸಿ ಮುಗಸಲಿ, ಆಮ್ಯಾಲೆ ಕರಕೊಂಡು ಹೋಗ್ರಿ. ಇದಽ ಕಡೀ ಆಟ ಮತ್ತ. ಹುಡುಗಿ ಕೈಕಾಲು ಮುರಕೊಂಡ್ರ ಯಾರು ನೋಡ್ತಾರ?"

ನಾನೂ ಬಿಡುವವಳಲ್ಲ. ಇಡೀ ತಂಡವನ್ನು ರಾಶಿಯ ಸುತ್ತ ಕೂರಿಸಿದೆ. ತೊಟ್ಟು ಬಿಡಿಸಿದವರೇ ಕೈ ಒರೆಸಿಕೊಂಡು ಬಸ್ಸಿಗೆ ಓಡಿದೆವು. ಕಾವಲಿಗೆಂದು ಅಜ್ಜಿಯೂ ಹತ್ತಿದಳು.

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ ಅನ್ನುತ್ತಾರೆ. ಅದನ್ನು ಎದುರು ತಂಡದವರ ಹತ್ತಿರ ಕೇಳಬೇಕು. ನಮ್ಮವರನ್ನು ಹಿಡಿದವರೆಲ್ಲ ಬೆವರು ಒರೆಸಿಕೊಂಡು, ಕಣ್ಣುರಿ ತಾಳದೆ ನಳದ ಕಡೆ ಓಡಿದರು. ಅಂಪೈರ್ ಬಂದು ನಮ್ಮ ಹುಡುಗಿಯ ಕೈ ಮೂಸಿ ನೋಡಿ, ಸೀನಿ, ಸೀಟಿ ಊದಿದ. "ಎಲ್ಲಾರೂ ಸಾಬಾಣ ಹಚ್ಚಿ ಕೈ ತೊಳಕೊಂಡು ಬರ್ರಿ. ಆಟ ಮೊದಲಿಂದ."

ತೊಳೆದ ಕೈಯಲ್ಲೇ ಆಡಿದರು, ಗೆದ್ದರು. ನನಗೆ ಹಿಗ್ಗೋ ಹಿಗ್ಗು. ವಾಪಸು ಬಸ್ಸಿನಲ್ಲಿ ಅಜ್ಜಿ ಮೊಮ್ಮಗಳ ಕೈಕಾಲು ಒತ್ತಿ ಒತ್ತಿ ನೋಡುತ್ತಿದ್ದಳು. ಇದೇ ಕಡೆಯ ಆಟವಾಯಿತಲ್ಲ ಎಂದುಕೊಂಡೆ. ಬ್ಯಾಡಗಿ ಹತ್ತಿರವಾದಾಗ ಅಜ್ಜಿ ನನ್ನ ಕಡೆ ತಿರುಗಿದಳು.

"ನಾಳಿಂದ ಆಕಿ ಪಾಲಿನ ತೊಟ್ಟು ನಾನಽ ಬಿಡಸ್ತೇನ್ರಿ. ಆಕಿ ಆಡಲಿ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ನನ್ನ ಕಿವಿಯ ಹತ್ತಿರ ಬಾಗಿ ದನಿ ತಗ್ಗಿಸಿದಳು.

"ಪಂದ್ಯದ ದಿನ ಮಾತ್ರ ಆಕೀನಽ ಬಿಡಸಲಿ."