ನೆತ್ತಿಯ ಮೇಲೆ ಹಡಗು

ಹೊಸದಾಗಿ ಕ್ಲಿನಿಕ್ ತೆರೆದ ಹಲ್ಲಿನ ಡಾಕ್ಟರಿಗೆ ಬೆಳಗಿನಿಂದ ಹೊಡೆಯಲು ಒಂದು ನೊಣವೂ ಸಿಕ್ಕಿರಲಿಲ್ಲ. "ಹೀಗೆ ಕೂತ್ರೆ ಆಗಲ್ಲ, ನಾನೇ ಯಾರನ್ನಾದ್ರೂ ಕಳಿಸ್ತೀನಿ," ಎಂದು ಹೆಂಡತಿ ಪೇಟೆ ಕಡೆ ಹೊರಟಳು.

ಅವಳು ಮೆಟ್ಟಿಲಿಳಿದದ್ದೇ ತಡ, ಡಾಕ್ಟರು ಒಳಕೋಣೆಯ ಬಾಗಿಲು ಹಾಕಿ, ಕಿವಿಗೆ ಹೆಡ್‌ಫೋನ್ ಏರಿಸಿ, ಕಂಪ್ಯೂಟರಿನಲ್ಲಿ ಜಲಾಂತರ್ಗಾಮಿಯ ಆಟಕ್ಕೆ ಕೂತರು. ಬಾಯಲ್ಲಿ ಅಪ್ಪಣೆ ಕೊಟ್ಟರೆ ನಡೆಯುವ ಆಟ ಅದು. ಶತ್ರು ಹಡಗು ಕಂಡದ್ದೇ ಟಾರ್ಪೆಡೊ ಬಿಟ್ಟರು. ಗುರಿ ತಪ್ಪಿತು. ಹಡಗು ತಿರುಗಿ ಇವರ ನೆತ್ತಿಯ ಮೇಲೇ ಬಂದು, ನೀರಿನ ಆಳದಲ್ಲಿ ಸಿಡಿಯುವ ಬಾಂಬುಗಳನ್ನು ಒಂದೊಂದಾಗಿ ಉದುರಿಸತೊಡಗಿತು.

ಇತ್ತ ಹೆಂಡತಿಯ ಓಡಾಟ ವ್ಯರ್ಥವಾಗಲಿಲ್ಲ. ಹೊರಕೋಣೆಗೆ ಕೆನ್ನೆ ಊದಿದ ದರ್ಜಿ ಬಂದ. ಹಿಂದೆಯೇ ಬ್ಯಾಂಕಿನ ಮ್ಯಾನೇಜರು ಬಂದರು. ಕೋಲೂರಿಕೊಂಡು ಒಬ್ಬ ಅಜ್ಜಿಯೂ ಬಂದು ಕೂತರು. ಡಾಕ್ಟರಿಗೆ ಇದ್ಯಾವುದೂ ಕೇಳಿಸಲಿಲ್ಲ. ಡಾಕ್ಟರ ಕೂಗು ಮಾತ್ರ ಹೊರಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಇನ್ನೂ ಕೆಳಗೆ ಇಳಿಸು. ಇನ್ನೂ ಆಳಕ್ಕೆ."

"ಯಾರಿಗೋ ಹಲ್ಲಿನ ಬೇರು ಕೊರೀತಿದಾರೆ," ಎಂದರು ಮ್ಯಾನೇಜರು ದರ್ಜಿಯ ಕಿವಿಯಲ್ಲಿ, ಎಲ್ಲ ಬಲ್ಲವರಂತೆ.

"ಬಿರುಕು ಬಿಡ್ತಾ ಇದ್ಯಾ? ಬಿಡ್ಲಿ, ನಿಲ್ಲಿಸ್ಬೇಡ."

ದರ್ಜಿಯ ಕೆನ್ನೆ ಗಾಳಿ ಹೋದ ಬಲೂನಿನಂತೆ ಇಳಿಯಿತು. "ನಂಗೀಗ ನೋವೇ ಇಲ್ಲ ಸಾರ್," ಎಂದು ಚಪ್ಪಲಿ ಹುಡುಕತೊಡಗಿದ.

"ಯಾರೂ ಉಸಿರೆತ್ಬೇಡಿ. ಸತ್ತವರ ಹಾಗೆ ಬಿದ್ಕೊಳ್ಳಿ."

ಮ್ಯಾನೇಜರು ಎದ್ದೇಬಿಟ್ಟರು. "ನನಗೊಂದು ಮೀಟಿಂಗ್ ಇದೆ. ನೀವೂ ಹೊರಡಿ ಅಜ್ಜಿ, ಇವರ ಕೈಗೆ ಸಿಕ್ರೆ ಉಳಿಯಲ್ಲ."

"ಇಷ್ಟು ಕಾದಿದ್ದಾಯ್ತು, ತೋರಿಸ್ಕೊಂಡೇ ಹೋಗ್ತೀನಪ್ಪ," ಎಂದರು ಅಜ್ಜಿ.

ಒಳಗೆ ಡಾಕ್ಟರು, ತಮ್ಮ ಸದ್ದು ಹಡಗಿಗೆ ಕೇಳಿಸದಂತೆ ಬಾಂಬು ಸಿಡಿಯುವ ಗದ್ದಲದಲ್ಲೇ ಇಂಜಿನು ಚಾಲೂ ಮಾಡಿಸಿ ಸರಕ್ಕನೆ ಎಡಕ್ಕೆ ತಿರುಗಿಸಿದರು. ಆ ಗದ್ದಲ ಅಡಗುವ ಮೊದಲೇ ಮತ್ತೆ ನಿಲ್ಲಿಸಿದರು. ಹಡಗು ಬರೀ ನೀರಿಗೆ ಬಾಂಬು ಸುರಿದು, ಸುಸ್ತಾಗಿ ಹೊರಟುಹೋಯಿತು. ಡಾಕ್ಟರು ಬೆವರೊರೆಸಿಕೊಂಡು, ಯುದ್ಧ ಗೆದ್ದ ಮುಖ ಹೊತ್ತು ಬಾಗಿಲು ತೆರೆದರೆ, ಎದುರಿಗೆ ಅಜ್ಜಿ.

ಕ್ಲಿನಿಕ್ಕಿನ ಮೊಟ್ಟಮೊದಲ ರೋಗಿ. ಡಾಕ್ಟರು ಸಡಗರದಿಂದ ಕೈಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿ, ದೀಪ ಹಾಕಿ, "ಆ ಅನ್ನಿ ಅಜ್ಜಿ," ಎಂದರು.

ಅಜ್ಜಿ "ಆ" ಎಂದರು. ಮುತ್ತು ಪೋಣಿಸಿದಂಥ ಹಲ್ಲುಗಳು. ಹುಡುಕಿದರೂ ಒಂದು ಹುಳುಕಿಲ್ಲ.

"ಎಲ್ಲಿ ನೋವು ಅಜ್ಜಿ?"

"ನೋವೆಲ್ಲಿದೆ? ನನ್ನ ಹಲ್ಲಿಗೇನಾಗಿದೆ ಧಾಡಿ," ಎಂದರು ಅಜ್ಜಿ. "ನೀನು ಕಣ್ಣಿನ ಡಾಕ್ಟ್ರು ತಾನೇ? ಬಾಗಿಲಲ್ಲಿ ಬೋರ್ಡೇನೋ ಇತ್ತು, ಅಕ್ಷರ ಕಾಣಿಸ್ಲಿಲ್ಲ."