ಮೂರು ದಿನ ಯಾರೂ ಕಾಲಿಡಬಾರದು

"ಈ ವರ್ಷದ ಕೊನೇ ಡಾಂಬರು ಲೋಡು ನಮ್ಮನೆಗೆ. ಬರೆದಿಟ್ಕೋ," ಎಂದು ಆರ್ವೊ ನೀಮಿ ಊಟದ ಮೇಜು ಗುದ್ದಿದ. "ಇಡೀ ಥಂಡರ್ ಬೇ ಊರಲ್ಲಿ ಅಂಥ ಡ್ರೈವ್‌ವೇ ಇನ್ನೊಂದು ಇರಬಾರದು, ಹಂಗೆ ಮಾಡ್ತೀನಿ."

ಅವನ ಹೆಂಡತಿ ಹೆಲ್ವಿ ಮೀನಿನ ಸೂಪಿನಿಂದ ತಲೆ ಎತ್ತಲಿಲ್ಲ. "ಹೋದ ವರ್ಷ ಬರೆದಿಟ್ಟಿದ್ದೆ. ಅದರ ಹಿಂದಿನ ವರ್ಷಾನೂ ಬರೆದಿಟ್ಟಿದ್ದೆ. ಪುಸ್ತಕ ತುಂಬಿಹೋಯ್ತು, ಆರ್ವೊ."

ಜನರ ಮನೆ ಮುಂದೆ, ರಸ್ತೆಯಿಂದ ಗ್ಯಾರೇಜಿನವರೆಗಿನ ದಾರಿಗೆ ಡಾಂಬರು ಹಾಸುವುದು ಆರ್ವೊನ ಕಸುಬು. ಮೂವತ್ತೈದು ವರ್ಷದಿಂದ ಅದೇ. ಊರಿನ ಅರ್ಧ ಕಾರುಗಳು ಅವನ ಕೈಕೆಲಸದ ಮೇಲೆ ನಿದ್ದೆ ಮಾಡುತ್ತಿದ್ದವು. ಅವನ ಸ್ವಂತ ಡ್ರೈವ್‌ವೇ ಮಾತ್ರ ನೋಡುವ ಹಾಗಿರಲಿಲ್ಲ. ಇಪ್ಪತ್ತೆರಡು ಚಳಿಗಾಲ ಅದರಡಿಯ ನೀರು ಹೆಪ್ಪುಗಟ್ಟಿ, ಉಬ್ಬಿ, ಕರಗಿ, ಮತ್ತೆ ಉಬ್ಬಿ, ಡಾಂಬರೆಲ್ಲ ಹಪ್ಪಳದ ಹಾಗೆ ಎದ್ದು ನಿಂತಿತ್ತು. ಅಂಚೆಯವನು ಹುಲ್ಲಿನ ಮೇಲೆ ಹಾದು ಬರುತ್ತಿದ್ದ. ಹಿಮ ತಳ್ಳುವ ಗಾಡಿಯವನು, "ನಿಮ್ಮನೆ ಮುಂದೆ ನನ್ನ ಗಾಡಿಯ ಅಲಗು ಎರಡು ಸಲ ಮುರಿದಿದೆ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಮಾರಾಯ್ರೆ," ಎಂದು ಕೈಮುಗಿದು ಹೋಗಿದ್ದ. ಆರ್ವೊ ಪ್ರತಿ ಸಲವೂ ಹೇಳುತ್ತಿದ್ದುದು ಒಂದೇ ಮಾತು: "ಮೊದಲು ಗಿರಾಕಿ, ಆಮೇಲೆ ನಾವು."

ಈ ಸಲ 'ಆಮೇಲೆ' ಅನ್ನಲು ಆಗುತ್ತಿರಲಿಲ್ಲ. ಹೆಲ್ವಿಯ ಬಲ ಮಂಡಿ ಸವೆದುಹೋಗಿತ್ತು. ಹದಿನಾಲ್ಕು ತಿಂಗಳು ಸರದಿಯಲ್ಲಿ ಕಾದ ಮೇಲೆ ಶಸ್ತ್ರಚಿಕಿತ್ಸೆಗೆ ದಿನಾಂಕ ಸಿಕ್ಕಿತ್ತು: ಅಕ್ಟೋಬರ್ ಮೂವತ್ತು, ಬೆಳಿಗ್ಗೆ ಏಳಕ್ಕೆ ಹಾಜರಿರಬೇಕು. ತಪ್ಪಿದರೆ ಮತ್ತೆ ಸರದಿಯ ಬಾಲಕ್ಕೆ. ಜೊತೆಗೆ ಆಸ್ಪತ್ರೆಯವರು ಒಂದು ಫಾರಂ ಕೊಟ್ಟಿದ್ದರು. 'ಕಾರಿನಿಂದ ಮನೆ ಬಾಗಿಲವರೆಗೆ ಸಮತಟ್ಟಾದ ದಾರಿ ಇದೆಯೇ?' ಇಲ್ಲ ಎಂದರೆ ಆರು ವಾರ ಆರೈಕೆ ಕೇಂದ್ರದಲ್ಲಿ ಇರಬೇಕು.

"ನಮ್ಮಕ್ಕ ಅಲ್ಲಿದ್ಲು," ಎಂದಳು ಹೆಲ್ವಿ. "ಸಂಜೆ ನಾಲ್ಕೂವರೆಗೆ ರಾತ್ರಿಯೂಟ ಕೊಟ್ಟು ಮಲಗಿಸ್ತಾರೆ. ಸೌನಾದ ಹಬೆಸ್ನಾನ ಇಲ್ಲ, ಕುಡಿಯೋಕೆ ಸರಿಯಾದ ಕಾಫಿ ಇಲ್ಲ. ನನಗೆ ಅಲ್ಲಿಗೆ ಹೋಗೋಕೆ ಭಯ, ಆರ್ವೊ." ಫಾರಂನ ಆ ಚೌಕವನ್ನು ಅವಳು ಖಾಲಿ ಬಿಟ್ಟಿದ್ದಳು.

ಹಾಗಾಗಿ ಆರ್ವೊ ಅಕ್ಟೋಬರ್ ಮಧ್ಯದಲ್ಲಿ ಹಳೆಯದನ್ನೆಲ್ಲ ಅಗೆದು ಬಿಸಾಡಿದ. ಒಂದು ಗಜ ಆಳ ತೋಡಿ, ನೀರು ಇಳಿದು ಹೋಗುವಂತೆ ಜಲ್ಲಿ ತುಂಬಿ, ರೋಲರ್ ಓಡಿಸಿ ಗಟ್ಟಿ ಮಾಡಿದ. ಇನ್ನು ಡಾಂಬರು ಬೀಳುವುದೊಂದೇ ಬಾಕಿ. ಆಗ ಶುರುವಾಯಿತು ಫೋನು. ಹಿಮ ಬೀಳುವುದರೊಳಗೆ ನಮ್ಮದೊಂದು ಮಾಡಿಕೊಡಿ ಎಂದು ಇಡೀ ಊರಿಗೆ ಅದೇ ವಾರ ನೆನಪಾಗಿತ್ತು. ಆರ್ವೊನಿಗೆ ಬಾರದ ಒಂದೇ ಒಂದು ಪದ 'ಇಲ್ಲ'. ಇಪ್ಪತ್ತಾರಕ್ಕೆ ಅಂದುಕೊಂಡಿದ್ದು ಇಪ್ಪತ್ತೆಂಟಾಯಿತು. ಇಪ್ಪತ್ತೆಂಟು ಇಪ್ಪತ್ತೊಂಬತ್ತಾಯಿತು. ಇಪ್ಪತ್ತೊಂಬತ್ತರ ಸಂಜೆ ಡಾಂಬರು ತಯಾರಿಸುವ ಘಟಕ ಬೀಗ ಹಾಕಿದರೆ ಮತ್ತೆ ತೆರೆಯುವುದು ಮೇ ತಿಂಗಳಲ್ಲಿ.

ಇಲ್ಲಿ ಹಳದಿ ಕಾರ್ಡಿನ ವಿಷಯ ಹೇಳಲೇಬೇಕು. ಆರ್ವೊ ಪ್ರತಿ ಗಿರಾಕಿಗೂ ಒಂದು ಹಳದಿ ಕಾರ್ಡು ಕೊಡುತ್ತಿದ್ದ. ಅದರಲ್ಲಿ ಹನ್ನೆರಡು ನಿಯಮ. ಬರೀ ಕೊಟ್ಟು ಸುಮ್ಮನಾಗುವ ಆಸಾಮಿಯಲ್ಲ, ಬಾಗಿಲಲ್ಲಿ ನಿಂತು ಪಾದ್ರಿಯ ಗತ್ತಿನಲ್ಲಿ ಓದಿ ಹೇಳುತ್ತಿದ್ದ. ಒಂದನೇ ನಿಯಮ: ಕೆಲಸ ಶುರುವಾಗುವ ಮೊದಲು ನಿಮ್ಮ ಕಾರನ್ನು ಹೊರಗೆ ತೆಗೆಯಿರಿ. ಎರಡನೇ ನಿಯಮ: ಮೂರು ದಿನ ಯಾರೂ ಕಾಲಿಡಬಾರದು.

ಒಂಬತ್ತು ವರ್ಷದ ಹಿಂದೆ ಎದುರು ಮನೆಯ ಗ್ಲಾಡಿಸ್ ಹೊಲೂಬ್ ಮೇಡಂ ಒಂದನೇ ನಿಯಮ ಮರೆತಿದ್ದರು. ಅವರು ಶಾಲೆಯ ಮುಖ್ಯೋಪಾಧ್ಯಾಯಿನಿ. ಅವತ್ತು ಅವರ ನಿವೃತ್ತಿಯ ಬೀಳ್ಕೊಡುಗೆ. ಹೊಸ ರೇಷ್ಮೆ ಗೌನು ಹಾಕಿ ಬಂದು ನೋಡಿದರೆ ಕಾರು ಗ್ಯಾರೇಜಿನ ಒಳಗೆ, ಬಿಸಿ ಡಾಂಬರು ಹೊರಗೆ. "ಒಂದೇ ಒಂದು ಸಲ ತೆಗೆದುಬಿಡ್ತೀನಪ್ಪ," ಎಂದು ಬೇಡಿಕೊಂಡರೂ ಆರ್ವೊ ಜಗ್ಗಲಿಲ್ಲ. ಕೊನೆಗೆ ಮೇಡಂ ಡಾಂಬರಿನ ಲಾರಿಯಲ್ಲಿ, ಮೇಸ್ತ್ರಿ ಬ್ರೂನೊನ ಪಕ್ಕ ಕೂತು ಸಮಾರಂಭಕ್ಕೆ ಹೋಗಿ ಇಳಿದರು. ಆ ಕತೆಯನ್ನು ಆರ್ವೊ ಒಂಬತ್ತು ಕ್ರಿಸ್‌ಮಸ್ ಊಟಗಳಲ್ಲಿ ಹೇಳಿ ನಗಿಸಿದ್ದ. ಲಾರಿಯಿಂದ ಇಳಿಯುವಾಗ ಮೇಡಂ ಗೌನು ಎತ್ತಿಕೊಂಡ ಬಗೆಯನ್ನು ನಟಿಸಿಯೂ ತೋರಿಸುತ್ತಿದ್ದ.

ಇಪ್ಪತ್ತೊಂಬತ್ತು ಬಂತು. ಬೆಳಿಗ್ಗೆ ಎದ್ದರೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ. ಆರ್ವೊನಿಗೆ ಹೆಂಡತಿಯ ಮೇಲೆ ಎಲ್ಲಿಲ್ಲದ ಕಾಳಜಿ ಉಕ್ಕಿತು. ನಾಳೆ ಬೆಳಿಗ್ಗೆ ಅವಳು ಗಾಜಿನ ಮೇಲಿನ ಮಂಜು ಕೆರೆಯುವವರೆಗೆ ಚಳಿಯಲ್ಲಿ ನಿಲ್ಲಬೇಕೇ? ಛೆ. ಕಾರಿಗೆ ಪೆಟ್ರೋಲು ತುಂಬಿಸಿಕೊಂಡು ಬಂದ. ಆಸ್ಪತ್ರೆಯ ಬ್ಯಾಗನ್ನು ಡಿಕ್ಕಿಯಲ್ಲಿಟ್ಟ. ಗಾಡಿಯನ್ನು ಜಲ್ಲಿಯ ಮೇಲೆ ಮೆಲ್ಲಗೆ ಹತ್ತಿಸಿ ಗ್ಯಾರೇಜಿನೊಳಗೆ ನಿಲ್ಲಿಸಿದ.

"ಕಾರು ಎಲ್ಲಿ ನಿಲ್ಲಿಸ್ತೀಯ?" ಎಂದು ಹೆಲ್ವಿ ಅಡಿಗೆಮನೆಯಿಂದ ಕೇಳಿದ್ದಳು.

"ಅದನ್ನ ನನಗೆ ಬಿಡು. ನಿನ್ನ ಮಂಡಿ ನೀನು ನೋಡ್ಕೋ."

ಅವತ್ತು ಬೇರೆಯವರ ಮನೆ ಎರಡು ಮುಗಿಸಿ, ಮಧ್ಯಾಹ್ನ ಮೂರಕ್ಕೆ ಕೊನೇ ಲೋಡು ಹೊಗೆಯಾಡುತ್ತ ಬಂತು. ಚಳಿಗೆ ಡಾಂಬರಿನ ಬಿಸಿ ಬೇಗ ಆರುತ್ತದೆ, ಆರಿದರೆ ಹಾಸಲು ಬರುವುದಿಲ್ಲ, ಉಸಿರು ತೆಗೆದುಕೊಳ್ಳಲೂ ಸಮಯವಿಲ್ಲ. ಅರವತ್ತೆರಡು ವರ್ಷದ ಆರ್ವೊನ ಸೊಂಟ ಸೀಸನ್ನಿನ ಕೊನೆಗೆ ಸೊಂಟವಾಗಿ ಉಳಿದಿರಲಿಲ್ಲ. ಆದರೂ ಹಾಸಿದ, ಎಳೆದ, ತಟ್ಟಿದ. ರೋಲರ್ ಹೋದ ಮೇಲೆ ಪಕ್ಕದ ಹುಲ್ಲಿಗೆ ಹೊಟ್ಟೆ ಹಚ್ಚಿ ಮಲಗಿ, ಒಂದು ಕಣ್ಣು ಮುಚ್ಚಿ ಮಟ್ಟ ನೋಡಿದ. ಕಪ್ಪಗೆ, ನುಣ್ಣಗೆ, ಒಂದು ನೂಲಿನಷ್ಟೂ ಏರುಪೇರಿಲ್ಲ. ಸುಸ್ತಿನಲ್ಲೂ ಅವನ ಕಣ್ಣು ತೇವವಾಯಿತು.

"ಮುಗೀತು ಯಜಮಾನ್ರೆ," ಎಂದ ಬ್ರೂನೊ. ಸೀಸನ್ ಮುಗಿದ ಸಂಜೆಯೇ ಕೆಲಸದವರೆಲ್ಲ ಕಾಡಿಗೆ ಮೂಸ್ ಎಂಬ ದೊಡ್ಡ ಕಡವೆಯ ಬೇಟೆಗೆ ಹೋಗುವುದು ವಾಡಿಕೆ. ಆರ್ವೊನ ಪಿಕಪ್ ಗಾಡಿಯನ್ನೂ, ಲಾರಿಯನ್ನೂ ತೆಗೆದುಕೊಂಡು, ಅವನ ನಾಯಿಯನ್ನೂ ಕರೆದುಕೊಂಡು ಹೊರಟೇಬಿಟ್ಟರು. ಅವರು ಹೋಗುವ ಜಾಗದಲ್ಲಿ ಫೋನಿನ ಸಿಗ್ನಲ್ಲೂ ಇಲ್ಲ.

ಆರ್ವೊ ನಾಲ್ಕು ಕಿತ್ತಳೆ ಬಣ್ಣದ ಡ್ರಮ್ಮು ಇಟ್ಟು, ಹಗ್ಗ ಕಟ್ಟಿ, ಎರಡನೇ ನಿಯಮದ ಬೋರ್ಡು ತೂಗುಹಾಕಿದ. ಹೆಲ್ವಿ ಕೋಲೂರಿಕೊಂಡು ಬಾಗಿಲಿಗೆ ಬಂದಳು. ತುಂಬ ಹೊತ್ತು ನೋಡಿದಳು.

"ಚೆನ್ನಾಗಿದೆ ಕಣೋ," ಎಂದಳು. ಇಪ್ಪತ್ತೆರಡು ವರ್ಷದಲ್ಲಿ ಅವನ ಕೆಲಸಕ್ಕೆ ಅವಳು ಕೊಟ್ಟ ಮೊದಲ ಸರ್ಟಿಫಿಕೇಟು ಅದು. ಆರ್ವೊ ಎದೆಯುಬ್ಬಿಸಿದ. "ಅಂದಹಾಗೆ, ಕಾರೆಲ್ಲಿ?"

ಆರ್ವೊ ರಸ್ತೆ ನೋಡಿದ. ಆಕಾಶ ನೋಡಿದ. ಗ್ಯಾರೇಜಿನ ಬಾಗಿಲು ನೋಡಿದ. ಅವನ ಎದೆಯಿಂದ ಗಾಳಿ ಹೋಯಿತು.

"ಹೇಳು."

"ಬೆಚ್ಚಗಿರಲಿ ಅಂತ..."

"ಬೆಚ್ಚಗಿರಲಿ ಅಂತ?"

"ಒಳಗಿಟ್ಟೆ."

ಹೆಲ್ವಿ ನಗಲೂ ಇಲ್ಲ, ಕಿರುಚಲೂ ಇಲ್ಲ. ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಮಂಡಿ ನೀವಿಕೊಂಡಳು. ಕಿರುಚಿದ್ದರೆ ಚೆನ್ನಾಗಿತ್ತು ಅನಿಸಿತು ಅವನಿಗೆ. ಒಳಗೆ ಹೋಗಿ ಟ್ಯಾಕ್ಸಿಗೆ ಫೋನು ಮಾಡಿದ. ನಾಳೆ ಬೆಳಿಗ್ಗೆ ಹಿಮ ಬೀಳೋ ಸೂಚನೆ ಇದೆ, ಆರು ಗಂಟೆಗೆ ಬಂದೇ ಬರ್ತೀವಿ ಅಂತ ಮಾತು ಕೊಡೋಕಾಗಲ್ಲ, ಎಂದರು. ಆರ್ವೊ ವಾಪಸು ಬಂದು ಹೆಂಡತಿಯ ಮುಂದೆ ನಿಂತ.

"ಹಗ್ಗ ಬಿಚ್ತೀನಿ. ನಾಳೆ ಬೆಳಿಗ್ಗೆ ಕಾರು ತೆಗೆದೇಬಿಡ್ತೀನಿ. ಟೈರು ತಿರುಗಿಸೋ ಜಾಗದಲ್ಲಿ ಡಾಂಬರು ಕಿತ್ಕೊಂಡು ಬರುತ್ತೆ, ಬರಲಿ. ಹಾಳಾಗಿ ಹೋಗ್ಲಿ. ನಿನ್ನ ಮಂಡಿಗಿಂತ ಇದು ಹೆಚ್ಚಲ್ಲ ನನಗೆ."

ಅದನ್ನು ಅವನು ಮನಸ್ಸಿನಿಂದಲೇ ಹೇಳಿದ. ಹೆಲ್ವಿಗೂ ಅದು ಗೊತ್ತಾಯಿತು.

"ಮಂಡಿಗೆ ಹದಿನಾಲ್ಕು ತಿಂಗಳು ಕಾದಿದೀನಿ. ಇದಕ್ಕೆ ಇಪ್ಪತ್ತೆರಡು ವರ್ಷ ಕಾದಿದೀನಿ. ಎರಡರಲ್ಲಿ ಒಂದನ್ನೂ ಹಾಳು ಮಾಡೋಕೆ ಬಿಡಲ್ಲ ನಿನ್ನ," ಎಂದಳು. "ಹೋಗು. ಎದುರು ಮನೆಗೆ ಹೋಗಿ ಕೇಳು."

"ಯಾವ ಎದುರು ಮನೆ?"

"ನಮಗೆ ಇರೋದು ಒಂದೇ ಎದುರು ಮನೆ, ಆರ್ವೊ."

ರಸ್ತೆ ದಾಟಲು ಇಪ್ಪತ್ತು ಹೆಜ್ಜೆ. ಡಾಂಬರು ಹಾಸುವಾಗ ಕೂಡ ಅವನ ಕಾಲು ಅಷ್ಟು ಭಾರವಾಗಿರಲಿಲ್ಲ. ಹೊಲೂಬ್ ಮೇಡಂ ಬಾಗಿಲು ತೆರೆದು, ಅವನು ತಡವರಿಸುತ್ತ ಹೇಳಿದ್ದನ್ನೆಲ್ಲ ಕೈಕಟ್ಟಿಕೊಂಡು ಕೇಳಿದರು. ಶಾಲೆಯಲ್ಲಿ ತಡವಾಗಿ ಬಂದವರನ್ನು ಕೇಳುತ್ತಿದ್ದುದೂ ಹೀಗೇ ಇರಬೇಕು.

"ಒಂದು ನಿಮಿಷ ಇರಿ," ಎಂದು ಒಳಗೆ ಹೋದವರು ಹಳದಿ ಕಾರ್ಡು ಹಿಡಿದು ಬಂದರು. ಒಂಬತ್ತು ವರ್ಷದಿಂದ ಫ್ರಿಜ್ಜಿಗೆ ಅಂಟಿಸಿಟ್ಟಿದ್ದರಂತೆ. "ಕನ್ನಡಕ ಇದೆಯಾ ನಿಮ್ಮ ಹತ್ರ? ಒಂದನೇ ನಿಯಮ ಸ್ವಲ್ಪ ಜೋರಾಗಿ ಓದಿ."

ಆರ್ವೊ ಓದಿದ.

"ಕೇಳಿಸ್ಲಿಲ್ಲ."

ಆರ್ವೊ ಇನ್ನೊಂದು ಸಲ ಓದಿದ.

"ಬೆಳಿಗ್ಗೆ ಆರಕ್ಕೆ ರಸ್ತೇಲಿ ನಿಂತಿರ್ತೀನಿ," ಎಂದರು ಮೇಡಂ. "ಹೆಲ್ವಿ ಮುಂದೆ ಕೂರ್ತಾಳೆ. ನೀವು ಹಿಂದೆ, ನನ್ನ ನಾಯಿ ಜೊತೆ."

ಬೆಳಿಗ್ಗೆ ಹುಲ್ಲಿನ ಮೇಲೆ ಹಲಗೆ ಹಾಸಿ ಹೆಲ್ವಿಯನ್ನು ಇಂಚಿಂಚಾಗಿ ರಸ್ತೆಗೆ ದಾಟಿಸಿದ್ದಾಯಿತು. ಏಳಕ್ಕೆ ಐದು ನಿಮಿಷ ಇರುವಾಗ ಆಸ್ಪತ್ರೆ ಸೇರಿದರು. ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಮಧ್ಯಾಹ್ನ ನರ್ಸು ಫಾರಂ ಹಿಡಿದು ಬಂದಳು.

"ಇದೊಂದು ಖಾಲಿ ಬಿಟ್ಟಿದೀರಿ. ಬಾಗಿಲವರೆಗೆ ಸಮತಟ್ಟಾದ ದಾರಿ ಇದೆಯಾ?"

ಈ ಪ್ರಶ್ನೆಗಾಗಿಯೇ ಆರ್ವೊ ಹುಟ್ಟಿಬಂದಿದ್ದ. ಎದ್ದು ನಿಂತ. ಮೈಮೇಲೆ ನಾಯಿಯ ಕೂದಲು. "ತಾಯಿ, ಈ ಪ್ರಾಂತ್ಯದಲ್ಲೇ ಅಷ್ಟು ಸಮತಟ್ಟಾದ ದಾರಿ ಇನ್ನೊಂದಿಲ್ಲ. ಬರ್ಕೊಳ್ಳಿ."

"ತುಂಬಾ ಒಳ್ಳೇದು. ಹಾಗಾದ್ರೆ ನಾಳೆನೇ ಕಳಿಸ್ತೀವಿ."

"ನಾಳೆ?" ಆರ್ವೊ ಕೂತ. "ಅದರ ಮೇಲೆ ಮೂರು ದಿನ ಯಾರೂ ಕಾಲಿಡಬಾರದಲ್ಲ."

ನರ್ಸು ಅವನ ಮುಖ ನೋಡಿದಳು. ಪೆನ್ನು ಚೌಕದ ಮೇಲೆ ನಿಂತಿತ್ತು. ಮಂಚದ ಮೇಲಿಂದ ಹೆಲ್ವಿ ಮಂಪರುಗಣ್ಣಲ್ಲೇ ಅವನನ್ನು ನೋಡುತ್ತಿದ್ದಳು. ಆ ಕಣ್ಣಲ್ಲಿ ನಾಲ್ಕೂವರೆಯ ಊಟದ ಭಯ ಅವನಿಗೆ ಚೆನ್ನಾಗಿ ಕಾಣಿಸಿತು.

"ಇದೆ ಅಂತ ಬರೀರಿ," ಎಂದ ಆರ್ವೊ. "ಮೂರು ದಿನ ಅನ್ನೋದು ಗಿರಾಕಿಗಳಿಗೆ."

ಮಾರನೆಯ ದಿನ ಮೇಡಂ ಇಬ್ಬರನ್ನೂ ಕರೆತಂದು ರಸ್ತೆಯಲ್ಲಿ ಕಾರು ನಿಲ್ಲಿಸಿದ ಕೂಡಲೇ ಆರ್ವೊ ಡ್ರಮ್ಮು ಸರಿಸಿದ, ಹಗ್ಗ ಬಿಚ್ಚಿದ. ಬಿದ್ದಿದ್ದ ತೆಳು ಹಿಮವನ್ನು ಪೊರಕೆಯಿಂದ ಗುಡಿಸಿದ. ಹುಲ್ಲಿನ ಮೇಲಿನ ಹಲಗೆ ರಾತ್ರಿಯೆಲ್ಲ ಹಿಮ ಹೆಪ್ಪುಗಟ್ಟಿ ಜಾರುತ್ತಿತ್ತು, ಬೇರೆ ದಾರಿ ಇರಲಿಲ್ಲ. ಹೆಲ್ವಿ ನಾಲ್ಕು ಕಾಲಿನ ವಾಕರ್ ಊರಿ ಒಂದೊಂದೇ ಹೆಜ್ಜೆ ಇಟ್ಟಳು. ಎಲ್ಲೂ ಎಡವಲಿಲ್ಲ, ಎಲ್ಲೂ ತೂರಾಡಲಿಲ್ಲ. ವಾಕರಿನ ಕಾಲು ಊರಿದಲ್ಲೆಲ್ಲ ಮಾತ್ರ ನಾಲ್ಕು ನಾಲ್ಕು ಕುಳಿ ಬಿದ್ದವು, ರಸ್ತೆಯಿಂದ ಹೊಸ್ತಿಲವರೆಗೆ. ಆರ್ವೊ ಅವಳ ಹಿಂದೆಯೇ ಕೈ ಚಾಚಿಕೊಂಡು ಬಂದ. ಅವಳನ್ನು ಬಿಟ್ಟು ಕೆಳಗೆ ನೋಡಲಿಲ್ಲ.

ಹೊಸ್ತಿಲಲ್ಲಿ ಹೆಲ್ವಿ ತಿರುಗಿ ನಿಂತಳು. "ಅಯ್ಯೋ, ನಿನ್ನ ಡಾಂಬರು."

"ಮೇ ತಿಂಗಳಲ್ಲಿ ತೇಪೆ ಹಾಕ್ತೀನಿ ಬಿಡು. ನೀನು ಒಳಗೆ ನಡಿ, ಕಾಫಿ ಮಾಡ್ತೀನಿ."

ಮೇ ಬಂತು, ಘಟಕ ತೆರೆಯಿತು, ಫೋನುಗಳು ಶುರುವಾದವು. ತೇಪೆ ಈಗಲೂ ಬಾಕಿ, ಮೊದಲು ಗಿರಾಕಿ. ಮಂಡಿ ಮಡಿಸಿ ಕೂರುವಷ್ಟು ಹುಷಾರಾದ ಹೆಲ್ವಿ ಈ ಸೀಸನ್ನಿನ ಹಳದಿ ಕಾರ್ಡುಗಳನ್ನು ತಾನೇ ಅಚ್ಚು ಹಾಕಿಸಿ ತಂದಳು. ಮೊದಲ ಗಿರಾಕಿಯ ಬಾಗಿಲಲ್ಲಿ ಆರ್ವೊ ಗಂಟಲು ಸರಿಮಾಡಿಕೊಂಡು, ಎಂದಿನ ಗತ್ತಿನಲ್ಲಿ, ನೋಡದೆಯೇ ಶುರುಮಾಡಿದ: "ಒಂದನೇ ನಿಯಮ. ಕೆಲಸ ಶುರುವಾಗುವ ಮೊದಲು ನಿಮ್ಮ ಕಾರನ್ನು ಹೊರಗೆ ತೆಗೆಯಿರಿ." ಎರಡನೇ ನಿಯಮವನ್ನೂ ಹಾಗೇ ಒಪ್ಪಿಸಿದ. ಅದರ ಕೆಳಗೆ ಹೊಸದಾಗಿ ಇನ್ನೊಂದು ಸಾಲಿತ್ತು. ಅದನ್ನು ಗಿರಾಕಿಯೇ ಓದಿದ:

"ಅನುಮಾನವಿದ್ದವರು ಮಾಲೀಕರ ಮನೆ ಮುಂದಿನ ಕುಳಿಗಳನ್ನು ಬಂದು ನೋಡಬಹುದು. ವಿವರಣೆ: ಎದುರು ಮನೆಯ ಹೊಲೂಬ್ ಮೇಡಂ ಅವರಿಂದ, ನಟನೆ ಸಹಿತ."