ಪೆಂಗ್ವಿನ್ ಸಾಹೇಬರಿಗೆ, ಮೂಡಲಗಿಯ ಒಂಬತ್ತು ನಿಮಿಷಗಳ ವಿಷಯವಾಗಿ

ಮುಕ್ತ ತಂತ್ರಾಂಶ ಲೋಕದ ಲಾಂಛನರೂ, ನಮ್ಮ ಮನೆಯ ಕಂಪ್ಯೂಟರು ಕಣ್ಣು ತೆರೆಯುವಾಗ ಮೂಲೆಯಲ್ಲಿ ಹೊಟ್ಟೆ ಮುಂದೆ ಮಾಡಿ ಕುಳಿತು ದರ್ಶನ ಕೊಡುವವರೂ ಆದ ಪೆಂಗ್ವಿನ್ ಸಾಹೇಬರ ಸನ್ನಿಧಿಗೆ,
ಮುಕ್ಕಾಂ ದಕ್ಷಿಣ ಧ್ರುವ.

ಮಾನ್ಯರೇ,

ಮೂಡಲಗಿಯ ಬಸದಿ ಓಣಿಯಿಂದ ಕಸ್ತೂರಿ ಧನ್ಯಕುಮಾರ ಚೌಗಲಾ ಎಂಬ ನಲವತ್ತೆಂಟು ವರ್ಷದ ಗೃಹಿಣಿ, ಕನ್ನಡ ಎಂ.ಎ., ತಮಗೆ ಸವಿನಯ ವಂದನೆಗಳನ್ನು ಸಲ್ಲಿಸಿ ಬರೆದುಕೊಳ್ಳುವುದೇನೆಂದರೆ, ಇತ್ತ ನಾವೆಲ್ಲ ಕ್ಷೇಮ, ಮಳೆ ಚೆನ್ನಾಗಿ ಆಗಿದೆ, ಕಬ್ಬು ಆಳೆತ್ತರ ಬಂದಿದೆ. ಅತ್ತ ತಮ್ಮ ಹಿಮವೂ, ತಮ್ಮ ಮೀನುಗಳೂ ಕ್ಷೇಮವೆಂದು ನಂಬಿದ್ದೇನೆ. ದೂರು ಕೊಡುವ ಮುನ್ನ ಕ್ಷೇಮ ವಿಚಾರಿಸುವುದು ನಮ್ಮ ಕಡೆಯ ಪದ್ಧತಿಯಾದ್ದರಿಂದ ಮೀನುಗಳನ್ನೂ ಸೇರಿಸಿದ್ದೇನೆ, ಅವುಗಳ ವಿಷಯದಲ್ಲಿ ನನ್ನ ಆಹಾರಪದ್ಧತಿಗೂ ತಮ್ಮದಕ್ಕೂ ಭಿನ್ನಾಭಿಪ್ರಾಯವಿದ್ದರೂ ಕೂಡ.

ತಾವು ನಮ್ಮ ಮನೆಗೆ ಬಂದದ್ದು ಈ 2007ರ ಮೇ ತಿಂಗಳಲ್ಲಿ. ನಮ್ಮ ಕಂಪ್ಯೂಟರಿಗೆ ವೈರಸ್ ಹತ್ತಿ, ಅದು ಒಂದು ಪತ್ರ ತೆರೆಯಲು ಕೇಳಿದರೆ ಹದಿನೇಳು ಖಾಲಿ ಪತ್ರ ತೆರೆಯತೊಡಗಿದಾಗ, ನಾನು ಅದನ್ನು ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಗೋಕಾಕದಲ್ಲಿ ಬಸ್ಸು ಬದಲಿಸಿ, ಹುಕ್ಕೇರಿಯಲ್ಲಿ ಕಂಪ್ಯೂಟರ್ ತರಗತಿ ನಡೆಸುವ ಭೀಮರಾಯರ ಬಳಿಗೆ ಒಯ್ದೆ. ಮೂವತ್ತು ವರ್ಷ ಸಾಲಿಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಅವರು ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಹಳೆಯದನ್ನು ಪೂರ್ತಿ ಒರೆಸಿ, ಒಂದು ಬೆಳ್ಳಗಿನ ಸಿಡಿಯಿಂದ ತಮ್ಮನ್ನು ಅದರೊಳಗೆ ಇಳಿಸಿ, ಆ ಸಿಡಿಯನ್ನೂ ನನ್ನ ಕೈಗೆ ಕೊಟ್ಟರು. ಅವರು ಹೇಳಿದ ಮಾತು ನನಗಿನ್ನೂ ನೆನಪಿದೆ: "ಹಳೇದು ಕದ್ದ ಪ್ರತಿ ಇತ್ರಿ ಅಕ್ಕಾರ. ಇದನ್ನ ಕದಿಯಾಕ ಬರಂಗಿಲ್ಲ, ಮೊದಲ ಎಲ್ಲಾರಿಗೂ ಕೊಟ್ಟಬಿಟ್ಟಾರ."

ಮಾನ್ಯರೇ, ಅಚೌರ್ಯವನ್ನು ವ್ರತವೆಂದು ಹೇಳಿಕೊಳ್ಳುವ ಮನೆಯಲ್ಲಿ ಆರು ವರ್ಷ ಕದ್ದ ಪ್ರತಿಯ ಮುಂದೆ ಕುಳಿತಿದ್ದೆವೆಂದು ತಿಳಿದ ನಾಚಿಕೆ ಒಂದು ಕಡೆ, ಕದಿಯಲಿಕ್ಕೇ ಬಾರದ ವಸ್ತುವೊಂದು ಜಗತ್ತಿನಲ್ಲಿದೆಯೆಂಬ ಹಿಗ್ಗು ಇನ್ನೊಂದು ಕಡೆ. ಮನೆಗೆ ಬಂದು ನನ್ನ ಅತ್ತೆ ಜಿನ್ನವ್ವನವರಿಗೆ, ಎಂಬತ್ತರ ಹತ್ತಿರದ ಅವರಿಗೆ, ಇದು ಯಾರೊಬ್ಬರದೂ ಅಲ್ಲ, ಯಾರು ಬೇಕಾದರೂ ಒಯ್ಯಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು ಎಂದು ವಿವರಿಸಿದೆ. ಅವರು ಕಾಳು ಹಸನು ಮಾಡುತ್ತ ಕೇಳಿಸಿಕೊಂಡು, "ಬಾಂವಿ ಇದ್ದಂಗ ಅನ್ನು" ಎಂದರು. ಸ್ನಾತಕೋತ್ತರ ಪದವಿ ನನ್ನದು, ಬಾವಿಯ ಹೋಲಿಕೆ ಅವರದು.

ಆಮೇಲೆ ನಡೆದದ್ದಕ್ಕೆ ತಾವೇ ನೇರ ಹೊಣೆ. ತಿದ್ದಬಹುದು ಎಂದ ಮೇಲೆ ತಿದ್ದದೆ ಇರುವುದು ಹೇಗೆ? ಮೊದಲ ವಾರ ಬರೀ ಬಣ್ಣ. ಎರಡನೆಯ ವಾರ ಅಕ್ಷರ: ಒತ್ತಕ್ಷರಗಳು ತಮ್ಮ ತಮ್ಮ ಅಕ್ಷರಗಳ ಕೆಳಗೇ ನಿಲ್ಲುವಂತೆ ಮಾಡಲು ಮೂರು ದಿನ ಹಿಡಿಯಿತು, ನಿಂತ ದಿನ ನಾನು ಹೂರಣದ ಹೋಳಿಗೆ ಮಾಡಿದೆ. ಪರದೆಯನ್ನು ನಾಲ್ಕು ಮುಖದ ಪೆಟ್ಟಿಗೆಯಾಗಿಸಿ ಗಿರ್ರನೆ ತಿರುಗಿಸುವ ವಿದ್ಯೆ ಕಲಿತಾಗ, ಹಾದುಹೋಗುತ್ತಿದ್ದ ಅತ್ತೆಯವರು ಚತುರ್ಮುಖ ಬಸದಿ ನೆನಪಾಗಿ ಕೈ ಮುಗಿದರು. ಕಿಟಕಿಗಳನ್ನು ಎಳೆದರೆ ಅವು ಆಗ ತಾನೇ ಕಡೆದ ಬೆಣ್ಣೆಯ ಹಾಗೆ ತುಳುಕುತ್ತಿದ್ದವು, ಕೆಲಸವಿಲ್ಲದಿದ್ದರೂ ಎಳೆಯುತ್ತಿದ್ದೆ. ಕೆಟ್ಟು ನಿಂತ ಕಿಟಕಿಯನ್ನು ಕೊಲ್ಲುವುದಕ್ಕೆಂದು ತಾವು ಇಟ್ಟಿದ್ದ ತಲೆಬುರುಡೆಯ ಚಿತ್ರ ನಮ್ಮ ಮನೆಗೆ ಹೊಂದದೆ, ಅದರ ಜಾಗದಲ್ಲಿ ಮುನಿಗಳು ಇರುವೆಯನ್ನು ನೋಯಿಸದೆ ಸರಿಸಲು ಹಿಡಿಯುವ ನವಿಲುಗರಿಯ ಪಿಂಛಿಯನ್ನು ಬರೆದು ಕೂಡಿಸಿದೆ. ಈಗ ನಮ್ಮಲ್ಲಿ ಯಾವ ಕಿಟಕಿಯೂ ಸಾಯುವುದಿಲ್ಲ, ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ.

ಇನ್ನು ಭಾಷೆ. ಯಾರೋ ಪುಣ್ಯಾತ್ಮರು ಕನ್ನಡಕ್ಕೆ ತಂದಿದ್ದ ಸಾಲುಗಳಲ್ಲಿ, ಕಂಪ್ಯೂಟರು ಆರಿಸುವಾಗ ಬರುವ 'ನೀವು ನಿಶ್ಚಿತವಾಗಿಯೂ ನಿರ್ಗಮಿಸಲು ಬಯಸುವಿರಾ' ಎಂಬುದನ್ನು ಅಳಿಸಿ, 'ಹೊಂಟ್ರೇನು? ಚಾ ಕುಡದ ಹೋಗ್ರಿ' ಎಂದು ಬರೆದೆ. ಬೆಲ್ಲದ ಅಡತಿ ಅಂಗಡಿಯವರಾದ ನನ್ನ ಯಜಮಾನರು ಲೆಕ್ಕ ಬರೆದು ಆರಿಸಲು ಹೋದವರು ಅದನ್ನು ಓದಿ, ಚಾ ಕುಡಿಯಲು ಹೇಳಿದ ಮೇಲೆ ಎದ್ದು ಹೋಗುವುದು ಸಭ್ಯತೆಯಲ್ಲವೆಂದು ಮತ್ತೆ ಕುಳಿತು ಚಹಾಕ್ಕೆ ಹೇಳಿ ಕಳಿಸಿದರು. ಆ ದಿನ ನಾನು ಒಬ್ಬಳೇ ಕಂಪ್ಯೂಟರಿನ ಖೋಲಿಯಲ್ಲಿ ನಕ್ಕಷ್ಟು ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ನಕ್ಕಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಪತ್ರ ಅಭಿನಂದನ ಪತ್ರವಾಗುತ್ತಿತ್ತು. ಆದರೆ ಜೂನ್ ತಿಂಗಳಲ್ಲಿ ತಾವು ಸೂರ್ಯನನ್ನು ಕಳಿಸಿದಿರಿ.

ಅದೊಂದು ಸಣ್ಣ ಕಾರ್ಯಕ್ರಮ, ಅದೇ ಬೆಳ್ಳಗಿನ ಸಿಡಿಯಲ್ಲಿ ಸಿಕ್ಕದ್ದು. ಪರದೆಯ ಮೂಲೆಯಲ್ಲಿ ಹೆಸರುಕಾಳಿನಷ್ಟು ಸೂರ್ಯ; ದಿನ ಏರಿದಂತೆ ಏರಿ, ಇಳಿದಂತೆ ಇಳಿದು, ಕೆಳಗಿನ ಗೆರೆಯನ್ನು ಮುಟ್ಟುತ್ತದೆ, ಪಕ್ಕದಲ್ಲಿ ಸೂರ್ಯಾಸ್ತದ ವೇಳೆ ಬರೆದಿರುತ್ತದೆ. ನಮ್ಮ ಮನೆಗೆ ಇದು ಆಟಿಕೆಯಲ್ಲ. ಅತ್ತೆಯವರು ಮದುವೆಯಾಗಿ ಈ ಮನೆಗೆ ಬಂದ ವರ್ಷ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂದು ವ್ರತ ಹಿಡಿದವರು. ಅರವತ್ತು ವರ್ಷದಲ್ಲಿ ಒಂದು ಸಂಜೆಯೂ, ಹೆರಿಗೆಯ ಸಂಜೆಯೂ ಅದನ್ನು ಬಿಟ್ಟಿಲ್ಲ. ನಾನು ಅಷ್ಟು ಗಟ್ಟಿಯವಳಲ್ಲ. ಮಳೆಗಾಲದಲ್ಲಿ ಮೋಡ ಕಟ್ಟಿ ಸೂರ್ಯ ವಾರಗಟ್ಟಲೆ ಕಾಣಿಸದಿದ್ದಾಗ ಅವರು ಪಡುವ ಕಳವಳವನ್ನು ಮಾತ್ರ ಪ್ರತಿ ವರ್ಷ ನೋಡಿದ್ದೇನೆ. ಈ ಸಲ ಅವರ ಕಳವಳ ತೀರಿತೆಂದು ನನಗೆ ಕುಣಿಯುವಂತಾಯಿತು.

ಕಾರ್ಯಕ್ರಮ ಊರು ಯಾವುದೆಂದು ಕೇಳಿತು. ಪಟ್ಟಿಯಲ್ಲಿ ಮೂಡಲಗಿ ಇರಲಿಲ್ಲ. ಗೋಕಾಕ ಇರಲಿಲ್ಲ, ಹುಕ್ಕೇರಿ ಇರಲಿಲ್ಲ, ಬೆಳಗಾವಿಯೂ ಇರಲಿಲ್ಲ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಮೂಡಲಗಿ ಇರಬೇಕಾಗಿದ್ದ ಜಾಗದಲ್ಲಿ ಮುಂಬೈ ಇತ್ತು. ನಮ್ಮ ಬೀಗರು ಮುಂಬೈಯವರು, ಬೆಲ್ಲದ ದರ ಫೋನಿನಲ್ಲಿ ಬರುವುದು ಮುಂಬೈಯಿಂದ, ಓಣಿಯ ಅರ್ಧ ಮನೆಗಳ ಸೀರೆ ಬರುವುದೂ ಅಲ್ಲಿಂದಲೇ. ಸೂರ್ಯನೊಬ್ಬ ಅಲ್ಲಿಂದ ಬಂದರೆ ಏನಾಯಿತೆಂದು ಮುಂಬೈಯನ್ನು ಒತ್ತಿದೆ.

ಅಂದಿನಿಂದ ದಿನಾ ಸಂಜೆ ಅತ್ತೆಯವರು ಅಡುಗೆಮನೆಯ ಹೊಸ್ತಿಲ ಹತ್ತಿರ ಮಣೆ ಹಾಕಿಕೊಂಡು, ಮುಂದೆ ತಾಟು ಇಟ್ಟುಕೊಂಡು, ಕೂಗಿ ಕೇಳುವರು: "ಕಸ್ತೂರಿ, ಹಕ್ಕಿ ಏನ ಅಂತೈತಿ ನೋಡ." ಹಕ್ಕಿಯೆಂದರೆ ತಾವೇ. ನಾನು ಖೋಲಿಯಿಂದ ಎದ್ದು ಬಂದು, ಇನ್ನು ಇಷ್ಟು ನಿಮಿಷ ಇದೆ ಎಂದು ಹೇಳಿ, ಅವರು ಒಂದೆರಡು ಮಾತು ಕೇಳಿದರೆ ಉತ್ತರಿಸಿ, ಮರಳಿ ಬೆಣ್ಣೆಯಂಥ ಕಿಟಕಿಗಳ ಬಳಿಗೆ ಓಡುತ್ತಿದ್ದೆ. ಆಷಾಢ, ಶ್ರಾವಣ ಹೀಗೇ ಕಳೆದವು. ನನ್ನ ಬದುಕಿನಲ್ಲಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಇದೆಂದು ನಂಬಿದ್ದೆ.

ಭಾದ್ರಪದದಲ್ಲಿ, ದಶಲಕ್ಷಣ ಪರ್ವದ ನಡುವೆ, ಒಂದು ಸಂಜೆ ಮೋಡ ಹರಿಯಿತು. ಒಣಹಾಕಿದ ಬಟ್ಟೆ ತರಲು ಮಾಳಿಗೆ ಹತ್ತಿದ ನಾನು, ಎಷ್ಟೋ ದಿನಗಳ ಮೇಲೆ ಸೂರ್ಯನನ್ನು ಖುದ್ದಾಗಿ ನೋಡಿದೆ. ಕಬ್ಬಿನ ಹೊಲದ ಆಚೆ ಅವನು ಪೂರ್ತಿ ಮುಳುಗಿದ. ಕೈಗಡಿಯಾರದಲ್ಲಿ ಆರು ಇಪ್ಪತ್ತೆಂಟು. ಕೆಳಗೆ ಬಂದು ನೋಡಿದರೆ ಪರದೆಯ ಸೂರ್ಯ ಇನ್ನೂ ಗೆರೆಯ ಮೇಲೆ ಆರಾಮಾಗಿ ಕುಳಿತಿದ್ದ. ಪಕ್ಕದಲ್ಲಿ ಆರು ಮೂವತ್ತೇಳು ಎಂದು ಬರೆದಿತ್ತು. ಮುಂಬೈ ನಮಗಿಂತ ಪಡುವಣಕ್ಕಿದೆ ಎಂಬುದನ್ನು ಐದನೇ ಇಯತ್ತೆಯ ಹುಡುಗಿಯೂ ಹೇಳುತ್ತಿದ್ದಳು. ಅಂದು ಒಂಬತ್ತು ನಿಮಿಷ. ಲೆಕ್ಕ ಹಾಕಿದಾಗ ಆಷಾಢದ ಆರಂಭದಲ್ಲಿ ಹದಿಮೂರು.

ಮಾನ್ಯರೇ, ಇಲ್ಲಿ ನನ್ನ ಮುಖ್ಯ ದೂರು. ಆರು ತಿಂಗಳು ಸೂರ್ಯ ಮುಳುಗದ, ಆರು ತಿಂಗಳು ಮೂಡದ ಊರಿನವರಾದ ತಾವು, ಜೈನರ ಮನೆಯಲ್ಲಿ ಸೂರ್ಯಾಸ್ತ ಹೇಳುವ ಹುದ್ದೆಯನ್ನು ಯಾವ ಧೈರ್ಯದ ಮೇಲೆ ಒಪ್ಪಿಕೊಂಡಿರಿ? ತಮ್ಮ ಊರಿನಲ್ಲಿ ಈ ವ್ರತ ಹಿಡಿದವರು ಅರ್ಧ ವರ್ಷ ಉಣ್ಣುತ್ತಲೇ ಇರಬಹುದು, ಇನ್ನರ್ಧ ವರ್ಷ ನಿರಾಹಾರವೇ ಗತಿ. ಒಂಬತ್ತು ನಿಮಿಷದ ಬೆಲೆ ತಮಗೆ ತಿಳಿಯುವುದಾದರೂ ಹೇಗೆ? ತಪ್ಪನ್ನು ತಿದ್ದಲು ತಾವು ಬಿಟ್ಟ ದಾರಿ ಮಾತ್ರ ಅತಿ ಸುಲಭ. ಮರುಸಂಜೆ ಹೊತ್ತು ಮುಳುಗುವಾಗ, ಭೀಮರಾಯರು ಫೋನಿನಲ್ಲಿ ಹೇಳಿಕೊಟ್ಟಂತೆ ಊರುಗಳ ಕಡತ ತೆರೆದರೆ ಒಳಗೆ ಗುಟ್ಟೇನೂ ಇರಲಿಲ್ಲ, ಸಾದಾ ಸಾಲುಗಳು: ಊರಿನ ಹೆಸರು, ಅಕ್ಷಾಂಶ, ರೇಖಾಂಶ. ಮುಂಬೈಯ ಮೇಲೆ ಒಂದು ಖಾಲಿ ಸಾಲು ಮಾಡಿ ಮೂಡಲಗಿ ಎಂದೂ, ಪಕ್ಕದಲ್ಲಿ ಅದರ ಎರಡು ಅಂಕಿಗಳನ್ನೂ ಬರೆದು, ಅದನ್ನೇ ಒತ್ತಿದೆ. ಸೂರ್ಯ ಟಕ್ಕನೆ ಗೆರೆಯ ಕೆಳಗೆ ಇಳಿದ. ಇಡೀ ಸೂರ್ಯಮಂಡಲ ಒಬ್ಬ ಗೃಹಿಣಿಯ ಬೆರಳಿನಿಂದ ಒಂಬತ್ತು ನಿಮಿಷ ಸರಿಯಿತು. ಆದರೆ ಆಗಿಹೋದ ಸಂಜೆಗಳನ್ನು ತಿದ್ದುವ ಕಡತ ಯಾವುದೆಂದು ನಾನು ಎಲ್ಲ ಕಡೆ ಹುಡುಕಿದೆ. ಎಲ್ಲವನ್ನೂ ತೆರೆದಿಟ್ಟಿದ್ದೇವೆ ಎನ್ನುವ ತಾವು ಅದನ್ನೊಂದನ್ನು ಎಲ್ಲಿ ಮುಚ್ಚಿಟ್ಟಿದ್ದೀರಿ?

ಅರವತ್ತು ವರ್ಷದ ವ್ರತವನ್ನು ನಾನು ಮುರಿಸಿದ್ದೆ, ಅದು ಅವರಿಗೆ ಗೊತ್ತೇ ಇರಲಿಲ್ಲ. ಹೇಳಲು ಐದು ದಿನ ಬಾಯಿ ಬರಲಿಲ್ಲ. ಪರ್ವ ಮುಗಿದು ಎಲ್ಲರೂ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ದಿನ, ಬಂದವರೆಲ್ಲ ಹೋದ ಮೇಲೆ, ಅತ್ತೆಯವರ ಮುಂದೆ ಕುಳಿತು ಮುಂಬೈಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವರು ಅಂದರು:

"ಹಕ್ಕಿ ಮಾತ ಕೇಳಿ ನಾ ಯಾವಾಗ ಉಂಡೇನಿ? ಲಗಮವ್ವನ ಕೋಳಿ ಗೂಡಿನ ಕಡೆ ಮಾರಿ ಮಾಡಿದ್ವು ಅಂದ್ರ ನಾ ಕೈ ತೊಳಕೊಂಡ ಆಗಿರತೈತಿ."

ಲಗಮವ್ವ ನಮ್ಮ ಹಿತ್ತಲ ಆಚೆಯ ಮನೆಯವರು. ಅವರ ಕೋಳಿಗಳು ಮೋಡವಿದ್ದರೂ, ಕರೆಂಟು ಹೋದರೂ, ಬೆಳಕು ಇಳಿಯುವ ಮೊದಲೇ ಗೂಡು ಸೇರುತ್ತವೆ. ಹಾಗಾದರೆ ನಾನು ನೋಡುತ್ತಿದ್ದ ತಾಟು? ಅದು ಉಂಡು ತೊಳೆದ ತಾಟೋ, ಉಣ್ಣಬೇಕಾದ ತಾಟೋ ಎಂದು ನೋಡುವಷ್ಟು ಹೊತ್ತು ನಾನು ಒಂದು ದಿನವೂ ಅಲ್ಲಿ ನಿಂತಿರಲಿಲ್ಲ.

"ಮತ್ತ ದಿನಾ ಯಾಕ ಕೇಳತಿದ್ರಿ ಅತ್ತ್ಯಾರ?"

"ಕೇಳದಿದ್ರ ನೀ ಆ ಖೋಲಿಯಿಂದ ಹೊರಗ ಬರತಿದ್ದೇನು?"

ಇದಕ್ಕೆ ತಮ್ಮ ಬಳಿ ಉತ್ತರವಿದ್ದರೆ ದಯವಿಟ್ಟು ತಿಳಿಸಿ. ನಾನು ಕಣ್ಣೊರೆಸಿಕೊಳ್ಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡುತ್ತಿದ್ದಾಗ, ಅವರು ನಾನು ಬರೆದ ಆ ಸಾಲು ಈಗ ಎಲ್ಲಿದೆ ಎಂದು ವಿಚಾರಿಸಿದರು. ನಮ್ಮ ಕಂಪ್ಯೂಟರಿನಲ್ಲಿದೆ ಎಂದೆ. ಅವರಿಗೆ ಅದು ಸರಿಬರಲಿಲ್ಲ. ಬಾವಿಯ ನೀರನ್ನು ಅರಿವೆಯಲ್ಲಿ ಸೋಸಿದ ಮೇಲೆ ಆ ಅರಿವೆಯನ್ನು ಮೆಲ್ಲಗೆ ತೊಳೆದು, ಅದರಲ್ಲಿ ಉಳಿದ ಸಣ್ಣ ಜೀವಗಳನ್ನು ಅದೇ ಬಾವಿಗೆ ಬಿಡುವುದು ನಮ್ಮ ಮನೆಯ ನಡೆ. ಬೇರೆ ಬಾವಿಗೂ ಬಿಡುವಂತಿಲ್ಲ. "ಸೇದಿದ ಬಾಂವಿಗೆ ತಿರುಗಿ ಬಿಡಬೇಕವ್ವಾ" ಎಂದರು. ಹೀಗಾಗಿ ಮರುದಿನವೇ ಹುಕ್ಕೇರಿಗೆ ಹೋಗಿ, ಭೀಮರಾಯರ ಇಂಟರ್ನೆಟ್ಟಿನಿಂದ, ಆ ಕಾರ್ಯಕ್ರಮ ಬರೆದ ಮುಖ ಪರಿಚಯವಿಲ್ಲದ ಪರದೇಶದವರಿಗೆ ನನ್ನ ಒಂದು ಸಾಲು ಕಳಿಸಿದೆ. ನಾಲ್ಕು ದಿನ ಬಿಟ್ಟು ಮತ್ತೆ ಹುಕ್ಕೇರಿಗೆ ಹೋದಾಗ ಉತ್ತರ ಬಂದಿತ್ತು: ಸೇರಿಸಿದ್ದೇನೆ, ವಂದನೆಗಳು, ನಿಮ್ಮ ಸೂರ್ಯ ಈಗ ಸರಿಯಾಗಿದ್ದಾನೆಯೇ?

ನಿಮ್ಮ ಸೂರ್ಯ ಸರಿಯಾಗಿದ್ದಾನೆಯೇ ಎಂದು ನನ್ನನ್ನು ಈವರೆಗೆ ಯಾರೂ ಕೇಳಿರಲಿಲ್ಲ, ಮಾನ್ಯರೇ. ಬಸ್ಸಿನಲ್ಲಿ ಮರಳುವಾಗ ಗೋಕಾಕದವರೆಗೂ ಆ ಸಾಲನ್ನು ಕವಿತೆಯ ಸಾಲಿನ ಹಾಗೆ ಮತ್ತೆ ಮತ್ತೆ ಓದಿಕೊಂಡೆ. ಇನ್ನು ಮೇಲೆ ಜಗತ್ತಿನ ಯಾವ ಮೂಲೆಯಲ್ಲಿ ಯಾರೇ ಆ ಪಟ್ಟಿ ತೆರೆದರೂ, ಮುಂಬೈಗಿಂತ ಒಂದು ಸಾಲು ಮೇಲೆ ಮೂಡಲಗಿ ಇರುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು ಮಿತವಾಗಿವೆ. ತಾವು ಒಮ್ಮೆ ಖುದ್ದಾಗಿ ದಯಮಾಡಿಸಿ, ನಮ್ಮ ಮಾಳಿಗೆಯ ನೀರಿನ ಟಾಕಿಯಲ್ಲಿ ವಾಸ್ತವ್ಯ ಹೂಡಿ, ಒಂದು ಚಾತುರ್ಮಾಸ ಪೂರ್ತಿ ಸೂರ್ಯ ದಿನಾ ಮುಳುಗುವುದನ್ನು ಅಭ್ಯಾಸ ಮಾಡಬೇಕು. ಟಾಕಿಯ ನೀರು ಸೋಸಿದ್ದೇ ಇರುತ್ತದೆ, ಮೀನು ಮಾತ್ರ ಸಿಗುವುದಿಲ್ಲ. ತಮಗೆ ಬರಲಾಗದಿದ್ದರೆ ಮುಂಬೈಯ ಸೂರ್ಯನನ್ನು ಒಂಬತ್ತು ನಿಮಿಷ ಬೇಗ ಮುಳುಗಿಸಿ ಕೊಡಬೇಕು, ನಮ್ಮ ಬೀಗರೂ ಸ್ವಲ್ಪ ಬೇಗ ಉಂಡರೆ ಕೆಟ್ಟದ್ದೇನಿಲ್ಲ. ಇದೂ ಆಗದಿದ್ದರೆ ನನಗೆ ತುಸು ಬಂಧನವನ್ನಾದರೂ ಮಂಜೂರು ಮಾಡಬೇಕು. ದಿನಕ್ಕೆ ಇಷ್ಟೇ ಹೊತ್ತು, ಇಷ್ಟೇ ಬಣ್ಣ ಎಂದು ಎಲ್ಲಿಯಾದರೂ ಒಂದು ಬೀಗ ಹಾಕಿ. ಅದನ್ನು ತೆರೆಯುವುದು ಹೇಗೆಂದು ಮಾತ್ರ ಎಂದಿನಂತೆ ಪಕ್ಕದಲ್ಲೇ ಬರೆದಿಡಿ.

ಅತ್ತೆಯವರ ಮಣೆಯ ಪಕ್ಕದಲ್ಲಿ ಈಗ ಇನ್ನೊಂದು ಮಣೆ ಹಾಕಿಕೊಂಡಿರುವ,
ತಮ್ಮ ವಿಶ್ವಾಸಿ,
ಕಸ್ತೂರಿ ಧನ್ಯಕುಮಾರ ಚೌಗಲಾ
ಬಸದಿ ಓಣಿ, ಮೂಡಲಗಿ

ತಾ.ಕ.: ತಮ್ಮ ತಿದ್ದಿದ ಸೂರ್ಯನನ್ನು ಅತ್ತೆಯವರು ವಾರವಿಡೀ ಪರೀಕ್ಷಿಸಿ, "ಅಡ್ಡಿಯಿಲ್ಲ, ಕೋಳಿಗಿಂತ ಸ್ವಲ್ಪ ಹಿಂದ ಐತಿ" ಎಂದು ತೀರ್ಪು ಕೊಟ್ಟಿದ್ದಾರೆ. ತಾವು ನೊಂದುಕೊಳ್ಳಬಾರದು. ಆದರೆ ಲಗಮವ್ವನ ಕೋಳಿಗಳೂ ಮುಕ್ತವೇ, ಯಾರು ಬೇಕಾದರೂ ನೋಡಬಹುದು. ಅವುಗಳಿಗೆ ಕರೆಂಟು ಬೇಕಿಲ್ಲ, ಸಿಡಿ ಬೇಕಿಲ್ಲ, ಊರು ಯಾವುದೆಂದು ಅವು ಈವರೆಗೆ ನನ್ನನ್ನು ಕೇಳಿಲ್ಲ.